ಗಾಜಿನ ಹೆಂಚಿನ ಕೆಳಗಿನ ಜಾಗ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ, ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಗೋಡೌನಿತ್ತು. ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಆರು ಹಂಗಾಮು ಹಾಜರಿ ಬರೆದೆ. ಮಗಳು ಶಾಲೆಗೆ ಸೇರಿ, ಮನೆಯಲ್ಲಿ ಹಗಲು ಉದ್ದ ಅನ್ನಿಸತೊಡಗಿದಾಗ ಸಿಕ್ಕ ಕೆಲಸ ಅದು. ಹೆಂಗಸರೆಲ್ಲ ನನ್ನನ್ನು ‘ರೈಟ್ರಮ್ಮ’ ಎಂದು ಕರೆಯುತ್ತಿದ್ದರು. ಯಾರು ಬಂದರು, ಯಾರು ಎಲ್ಲಿ ಕೂತರು, ಎಲೆ ತುಂಬುವ ಬಿದಿರಿನ ಮಂಕರಿಗಳಲ್ಲಿ ಯಾವುದು ಯಾರದು, ಅದರಲ್ಲಿ ಎಲೆ ಸರಿಯಾಗಿದೆಯೋ ಇಲ್ಲವೋ, ಇಷ್ಟನ್ನು ಬರೆಯುವುದು ನನ್ನ ಕೆಲಸ. ಇದರ ಜತೆಗೆ ಪ್ರತಿ ದಿನದ ಪುಟದ ಅಂಚಿನಲ್ಲಿ ಇನ್ನೊಂದು ಪದ ಬರೆಯಬೇಕಿತ್ತು: ಬಿಸಿಲು, ಇಲ್ಲವೇ ಮೋಡ, ಇಲ್ಲವೇ ತುಂತುರು. ಹೊಗೆಸೊಪ್ಪು ಗಾಳಿಯ ತೇವ ಕುಡಿಯುವ ಎಲೆ. ಬಿಸಿಲಿನ ದಿನ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ, ಮೋಡದ ದಿನ ಹಳೇ ಸೀರೆಯ ಹಾಗೆ ಮೆತ್ತಗಿರುತ್ತದೆ. ಮುಂದೆ ಎಲೆ ಒತ್ತಿ ಕಟ್ಟಿದ ಯಾವುದಾದರೂ ಬೇಲಿನಲ್ಲಿ, ಅಂದರೆ ಪಿಂಡಿಯಲ್ಲಿ, ಬೂಷ್ಟು ಕಂಡರೆ, ಅದನ್ನು ಕಟ್ಟಿದ ದಿನ ಹವೆ ಹೇಗಿತ್ತು ಎಂದು ನೋಡಲಿಕ್ಕೆ ಆ ಪದ. ಆರು ವರ್ಷದಲ್ಲಿ ಬೂಷ್ಟಿಗಾಗಿ ಆ ಅಂಚನ್ನು ಯಾರೂ ತಿರುಗಿಸಿ ನೋಡಲಿಲ್ಲ. ನೋಡಿದ್ದು ಬೇರೆ ಕಾರಣಕ್ಕೆ.

ಹರಾಜಿನಿಂದ ಬಂದ ಎಲೆಯನ್ನು ಮತ್ತೊಮ್ಮೆ ಬಣ್ಣ ನೋಡಿ ಬೇರ್ಪಡಿಸುವುದು ಅಲ್ಲಿನ ಹೆಂಗಸರ ಕೆಲಸ. ವ್ಯಾಪಾರದ ಕಾಗದದಲ್ಲಿ ಆ ಬಣ್ಣಗಳಿಗೆ ಏನೇನೋ ನಂಬರುಗಳಿದ್ದವು. ನಮ್ಮವರ ಬಾಯಲ್ಲಿ ಮಾತ್ರ ಮೂರೇ ಹೆಸರು: ಅರಿಸಿನ, ಬೆಲ್ಲ, ಹಸ್ರು. ನೆಲಕ್ಕೆ ಗೋಣಿತಾಟು ಹಾಸಿಕೊಂಡು ಸಾಲಾಗಿ ಕೂತು, ಎದುರಿಗೆ ಎಲೆಯ ರಾಶಿ, ಪಕ್ಕದಲ್ಲಿ ಮೂರು ಮಂಕರಿ ಇಟ್ಟುಕೊಂಡು ಎಸೆಯುತ್ತಾ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಬೆರಳಿಗೆಲ್ಲ ಕಪ್ಪು ಅಂಟು. ಹುಣಸೇಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ಮೊದಲ ನಾಲ್ಕು ತುತ್ತು ಮುದ್ದೆ ಕಹಿಯೇ.

ಬಣ್ಣದ ಕೆಲಸ ಬಲ್ಬಿನ ಬೆಳಕಿನಲ್ಲಿ ಆಗುವುದಿಲ್ಲ; ಹಳದಿ ಬಲ್ಬಿನ ಕೆಳಗೆ ಹಸ್ರೂ ಬೆಲ್ಲದ ಹಾಗೆ ಕಾಣುತ್ತದೆ. ಅದಕ್ಕೇ ಗೋಡೌನಿನ ಸೂರಿನಲ್ಲಿ ಮಂಗಳೂರು ಹೆಂಚುಗಳ ನಡುವೆ ಅಲ್ಲಲ್ಲಿ ಗಾಜಿನ ಹೆಂಚು ಹಾಕಿಸಿದ್ದರು. ಅವುಗಳ ಕೆಳಗೆ ನೆಲದ ಮೇಲೆ ಚೌಕ ಚೌಕವಾಗಿ ಬೆಳಕು ಬೀಳುತ್ತಿತ್ತು. ಆ ಚೌಕಗಳಲ್ಲಿ ಕೂರುವ ಹಕ್ಕು ಹಳಬರದು, ಹೊಸಬರಿಗೆ ಗೋಡೆಯ ಬದಿ. ಯಾರೂ ಬರೆದಿಟ್ಟ ನಿಯಮವಲ್ಲ ಅದು. ಆದರೆ ಹಳಬಳೊಬ್ಬಳು ಒಂದು ದಿನ ರಜೆ ಹಾಕಿದಾಗ ಅವಳ ಬೆಳಕಿನಲ್ಲಿ ಹೊಸಬಳು ಕೂತುಬಿಟ್ಟರೆ, ಮಾರನೇ ದಿನ ಮಾತು ಕೇಳಬೇಕಾಗುತ್ತಿತ್ತು. “ಏನವ್ವ, ನಮ್ ಬಿಸ್ಲು ಚೆನ್ನಾಗಿತ್ತಾ?”

ಆ ಬೆಳಕಿನ ಜಾಗಗಳಲ್ಲಿ ನಟ್ಟನಡುವಿನದು ಅವ್ವನದು. ಅರವತ್ತರ ಹತ್ತಿರದ ಹೆಂಗಸು, ಎಲ್ಲರಿಗೂ ಅವ್ವ. ಕೆ.ಆರ್. ನಗರದ ದಾರಿಯಲ್ಲಿ ಸಿಗುವ ಒಂದು ಹಳ್ಳಿಯಿಂದ ಅವಳೂ ಇನ್ನೂ ಹನ್ನೊಂದು ಜನ ಹೆಂಗಸರೂ ಒಂದೇ ಟೆಂಪೋದಲ್ಲಿ ಬರುತ್ತಿದ್ದರು. ಹನ್ನೊಂದು ಜನವೂ ಆ ಹಳ್ಳಿಯ ಬೇರೆ ಬೇರೆ ಮನೆಗಳ ಸೊಸೆಯಂದಿರೇ. ‘ಅವ್ವ ಓದ್ರೆ ನೀನೂ ಓಗು, ಅವ್ವ ಓಗದಿದ್ರೆ ಬ್ಯಾಡ’ ಎಂಬ ಷರತ್ತಿನ ಮೇಲೆ ಅತ್ತೆಯಂದಿರು ಕಳಿಸುತ್ತಿದ್ದರು. ಅವ್ವನಿಗೆ ಜ್ವರ ಬಂದ ದಿನ ನನ್ನ ಹಾಜರಿಯಲ್ಲಿ ಹನ್ನೆರಡು ಸೊನ್ನೆ ಬೀಳುತ್ತಿದ್ದವು.

ಒಂದು ವರ್ಷ ಶಿವರಾತ್ರಿಗೆ ಸ್ವಲ್ಪ ಮುಂಚೆ, ಹಂಗಾಮಿನ ಕೊನೆಯಲ್ಲಿ, ಅವ್ವ ತನ್ನ ಗೋಣಿತಾಟು ಎತ್ತಿಕೊಂಡು ಹೋಗಿ ಉತ್ತರದ ಗೋಡೆಯ ಮೂಲೆಯಲ್ಲಿ ಕೂತಳು. ಹೊಸಬರೂ ಬೇಡವೆನ್ನುವ ಮಂಕು ಜಾಗ ಅದು.

“ಯಾಕವ್ವ, ಮುನಿಸ್ಕಂಡಾ?” ಎಂದು ಪಕ್ಕದವಳು ಕೇಳಿದಳು.

“ಮುನಿಸ್ಕಳಕೆ ನಾನೇನು ಹೊಸ ಮದುವಣಗಿತ್ತಿಯಾ? ಗ್ವಾಡೆಗೆ ಒರಗ್ಕಂಡ್ರೆ ಸೊಂಟಕ್ಕೆ ಆಯ್ತದೆ ಕಣೆ.”

ಎಲ್ಲರೂ ಒಪ್ಪಿದರು. ನನಗೆ ಮಾತ್ರ ಒಂದು ಸಣ್ಣ ವಿಷಯ ಕಾಡುತ್ತಿತ್ತು. ನನ್ನ ಮೇಜಿನಿಂದ ಆ ಮೂಲೆ ನೇರವಾಗಿ ಕಾಣುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಅವ್ವನ ಬೆನ್ನು ಗೋಡೆಗೆ ತಾಗುತ್ತಲೇ ಇರಲಿಲ್ಲ. ಮಧ್ಯೆ ಒಂದು ಗೇಣು ಜಾಗ ಹಾಗೇ ಇರುತ್ತಿತ್ತು. ಸೊಂಟನೋವಿಗೆಂದು ಗೋಡೆ ಹುಡುಕಿಕೊಂಡು ಹೋದವಳು ಒರಗುವುದಿಲ್ಲವಲ್ಲ, ಯಾಕೆ? ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಹಂಗಾಮು ಮುಗಿಯಿತು.

ಮುಂದಿನ ಹಂಗಾಮಿಗೆ ಹೊಸ ಸೂಪರ್‌ವೈಸರ್ ಬಂದರು. ಮಿರ್ಲೆ ಕಡೆಯವರು, ನಲವತ್ತರ ಆಸುಪಾಸು. ಅದಕ್ಕೆ ಮೊದಲು ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಹಿಂದಿದ್ದವರು ಬಾಗಿಲಲ್ಲಿ ನಿಂತೇ ಕೂಗುತ್ತಿದ್ದರು. ಅವರ ದನಿ ಕೇಳಿದರೆ ಎಲೆ ಕೂಡ ಮುದುರುತ್ತದೆ ಎಂದು ಹೆಂಗಸರು ನಗಾಡುತ್ತಿದ್ದರು. ಈ ಮನುಷ್ಯ ಕೂಗುವವರಲ್ಲ. ಮೊದಲ ವಾರ ಸಾಲುಗಳ ನಡುವೆ ಸುಮ್ಮನೆ ಓಡಾಡಿದರು. ನೀರಿನ ಡ್ರಮ್ಮು ಬಿಸಿಲಿನಲ್ಲಿದ್ದುದನ್ನು ನೆರಳಿಗೆ ಸರಿಸಿದರು. ಟೆಂಪೋ ತಡವಾದ ದಿನ “ಟೆಂಪೋ ಓಡಿಸೋರು ಅವರಲ್ಲವಲ್ಲ” ಎಂದು ಹೇಳಿ ನನ್ನ ಕೈಯಿಂದ ‘ತಡ’ ಎಂದು ಬರೆಯುವ ಕೆಂಪು ಪೆನ್ನು ತೆಗೆದಿಟ್ಟರು. ನಾನು ಮನೆಯಲ್ಲಿ ಹೋಗಿ ಹೇಳಿದೆ, “ಒಳ್ಳೇ ಮನುಷ್ಯ ಬಂದಿದಾರೆ.”

ಎರಡನೇ ವಾರ ಅವರ ಕಣ್ಣಿಗೆ ಅವ್ವ ಬಿದ್ದಳು.

“ಅವ್ವ, ಎಲ್ರಿಗಿಂತ ಹಳಬ್ರು ನೀವಂತೆ. ಮೂಲೇಲಿ ಯಾಕೆ ಕೂತಿದ್ದೀರಿ?”

“ಇರ್ಲಿ ಬುಡಿ ಸಾ. ಗ್ವಾಡೆಗೆ ಒರಗ್ಕಂಡ್ರೆ ಸೊಂಟಕ್ಕೆ ಆಯ್ತದೆ.”

“ಅದಕ್ಕೆ ನಾನು ವ್ಯವಸ್ಥೆ ಮಾಡ್ತೀನಿ. ನೀವು ಮೂಲೇಲಿ ಕೂರೋದು ನನಗೆ ಸರಿ ಕಾಣಲ್ಲ.”

ಮಾರನೇ ದಿನ ಬಡಗಿಯಿಂದ ಒಂದು ಒರಗು ಹಲಗೆ ಮಾಡಿಸಿಕೊಂಡು ಬಂದರು. ಅದನ್ನು ನಡುವಿನ ಗಾಜಿನ ಹೆಂಚಿನ ಕೆಳಗೆ ಇಟ್ಟು, ಅವ್ವನ ಮಂಕರಿಗಳನ್ನು ತಾವೇ ಎತ್ತಿಕೊಂಡು ಹೋದರು. ಸೂಪರ್‌ವೈಸರ್ ಮಂಕರಿ ಎತ್ತುವುದನ್ನು ನಾವ್ಯಾರೂ ಕಂಡಿರಲಿಲ್ಲ.

“ನೋಡ್ರಮ್ಮೋ, ಅವ್ವಂಗೆ ಸಿಂವಾಸನ!” ಎಂದಳೊಬ್ಬಳು.

“ಸಾ, ನಂಗೂ ಸೊಂಟ್ನೋವು ಬಂದೈತೆ” ಎಂದಳು ಇನ್ನೊಬ್ಬಳು. ಗೋಡೌನಿಗೆ ಗೋಡೌನೇ ನಕ್ಕಿತು. ಅವ್ವ ಎದ್ದು, ಕೈಮುಗಿದು, ಹೋಗಿ ಕೂತಳು. ಅಷ್ಟು ಜನರ ಮುಂದೆ ಕೊಟ್ಟ ಮರ್ಯಾದೆಯನ್ನು ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಾಗುತ್ತದೆ. ಅವಳ ಬಳಿ ಇದ್ದ ಕಾರಣವನ್ನು ಹಲಗೆ ಆಗಲೇ ಕಸಿದುಕೊಂಡಿತ್ತು. ಆ ಹಲಗೆಗೂ ಅವಳು ಒರಗಲಿಲ್ಲ.

ಆಮೇಲೆ ಶುರುವಾಯಿತು. ಬೆಲ್ಲದ ಮಂಕರಿಯಲ್ಲಿ ಹಸ್ರು, ಅರಿಸಿನದಲ್ಲಿ ಬೆಲ್ಲ. ಅವ್ವನ ಮಂಕರಿಯಲ್ಲಿ ತಪ್ಪು ಎಲೆ ಸಿಗುವುದೆಂದರೆ ನನಗೆ ನನ್ನ ಕಣ್ಣಿನ ಮೇಲೇ ಅನುಮಾನ ಬರುವಂಥ ವಿಷಯ. ಮೊದಲ ದಿನ ನಾನೇ ಆರಿಸಿ ಸರಿಮಾಡಿ ‘ಸರಿ’ ಎಂದು ಬರೆದೆ. ಎರಡನೇ ಸಲ ‘ಮಿಶ್ರ’ ಎಂದು ಬರೆದೆ. ವಯಸ್ಸಾಯಿತು ಪಾಪ ಎಂದುಕೊಂಡೆ. ಹೀಗೆ ಪಾಪ ಎಂದುಕೊಂಡು ಐದಾರು ಮಿಶ್ರ ಬರೆದು ಸುಮ್ಮನಿದ್ದೆ. ಯಾರಿಗೂ ಹೇಳದೆ ಇರುವುದೇ ಅವಳಿಗೆ ಮಾಡುವ ಉಪಕಾರ ಎಂದು ನನ್ನ ಲೆಕ್ಕಾಚಾರ.

ಕೊಳ್ಳುವವರ ಕಡೆಯವರು ಬಂದು ಒಂದು ಬೇಲು ಬಿಚ್ಚಿಸಿದರು. ಒಳಗೆ ಅವ್ವನ ಎಲೆ. ನಾನು ಸರಿಮಾಡಿದ ಮೇಲೂ ಉಳಿದಿದ್ದ ತಪ್ಪುಗಳು ಅಲ್ಲಿದ್ದವು. ಬೇಲು ವಾಪಸಾಯಿತು. ಸಂಜೆಗೆ ಗೋಡೌನಿನ ಸಾಹುಕಾರರ ಜೀಪು ಬಂತು.

“ಆ ಮುದುಕೀನ ನಾಳೆಯಿಂದ ಬರಬ್ಯಾಡ ಅನ್ರಿ” ಎಂದರು ಸಾಹುಕಾರರು, ನನ್ನ ಮೇಜಿನ ಪಕ್ಕದಲ್ಲೇ ನಿಂತು.

“ಒಂದು ವಾರ ಕೊಡಿ ಸಾರ್” ಎಂದರು ಸೂಪರ್‌ವೈಸರ್. “ಹೋದ ವರ್ಷ ಅವ್ವಂದು ಒಂದೂ ತಪ್ಪಿಲ್ಲ. ನಾನು ಬಂದ್ಮೇಲೆ ಶುರುವಾಗಿದೆ. ಏನಾಯ್ತು ಅಂತ ತಿಳ್ಕೋಬೇಕು.”

“ತಿಳ್ಕಂಡು ಏನ್ರೀ ಮಾಡ್ತೀರಿ? ಪರೀಕ್ಷೆ ಬರೀತೀರಾ? ಸೋಮವಾರ ನಾನೇ ಬಂದು ನೋಡ್ತೀನಿ. ಆಮೇಲೆ ನನ್ನತ್ರ ಮಾತಿಲ್ಲ.”

ಅದು ಮಂಗಳವಾರ. ಅವ್ವ ಹೋದರೆ ಹನ್ನೊಂದು ಜನವೂ ಹೋಗುತ್ತಾರೆ ಎಂಬುದು ಸಾಹುಕಾರರಿಗೆ ತಿಳಿದಿರಲಿಲ್ಲ, ಅಥವಾ ತಿಳಿದೂ ಹೊಸಬರು ಸಿಗುತ್ತಾರೆ ಎಂದುಕೊಂಡಿದ್ದರು. ಅವ್ವನಿಗೆ ಮಾತ್ರ ಜೀಪು ಬಂದ ಕಾರಣ ತಿಳಿದಿತ್ತು.

ಬುಧವಾರ ಸೂಪರ್‌ವೈಸರ್ ತಾವೂ ಒಂದು ಗೋಣಿತಾಟು ತಂದು ಅವ್ವನ ಪಕ್ಕ ಹಾಸಿದರು. ಪ್ಯಾಂಟು ಮಡಿಸಿಕೊಂಡು ಕೂತು ಎಲೆ ಆರಿಸತೊಡಗಿದರು. ಕೆಲಸ ಎಷ್ಟು ಕಷ್ಟ ಎಂದು ತಾವೇ ಮಾಡಿ ನೋಡಿದರೆ ಗೊತ್ತಾದೀತು ಎಂಬುದು ಅವರ ಯೋಚನೆ. ಹೆಂಗಸರಿಗೆ ಹಬ್ಬ.

“ಸಾ, ಅದು ಬೆಲ್ಲ ಅಲ್ಲ, ಅರಿಸಿನ!”

“ಅಯ್ಯೋ ಸಾ, ನಿಮ್ ಮನೇಲಿ ಬೆಲ್ಲ ಈ ಬಣ್ಣ ಇರ್ತದಾ? ಎಲ್ಲಿ ತತ್ತೀರಿ?”

ಎರಡು ಗಂಟೆ ಕೂತರು, ಕಾಲು ಜೋಮು ಹಿಡಿಸಿಕೊಂಡು ಎದ್ದರು. ಅವರ ಮಂಕರಿ ಪೂರಾ ಮಿಶ್ರ. ಅವ್ವನ ಮಂಕರಿಯಲ್ಲಿ ಒಂದು ತಪ್ಪು ಎಲೆ ಇಲ್ಲ! ಅವರು ಅದನ್ನು ಎರಡು ಸಲ ತಿರುವಿ ಹಾಕಿ ನೋಡಿದರು. ಗುರುವಾರ ಮತ್ತೆ ಮಿಶ್ರ. ಆಗ ಅವರು ಬಂದು ನನ್ನ ಮೇಜಿನ ಮುಂದಿನ ಸ್ಟೂಲಿನಲ್ಲಿ ಕೂತು ರಿಜಿಸ್ಟರ್ ಕೇಳಿದರು.

“ನಿನ್ನೆ ಸರಿ, ಇವತ್ತು ಮಿಶ್ರ. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ರೈಟ್ರಮ್ಮ?”

“ನೀವು ಪಕ್ಕದಲ್ಲಿ ಕೂತಿದ್ರಿ ಸಾರ್. ಹುಷಾರಾಗಿ ಮಾಡಿರಬೇಕು.”

“ನಾನು ಕೂತಿದ್ದಕ್ಕೆ ಕಣ್ಣು ಚುರುಕಾಗುತ್ತಾ?” ಎಂದು ಪುಟ ತಿರುವುತ್ತಾ ಹೋದರು. ಅವರ ಬೆರಳು ಹಿಂದಿನ ದಿನದ ಪುಟದ ಅಂಚಿಗೆ ಬಂದು ನಿಂತಿತು. “ಇದೇನು, ಮೋಡ?”

ಹವೆಯ ಲೆಕ್ಕ ಹೇಳಿದೆ. ಕಾರ್ತಿಕದ ದಿನಗಳು, ಎಲ್ಲೋ ಸಮುದ್ರದಲ್ಲಿ ಸೈಕ್ಲೋನಂತೆ, ನಮ್ಮಲ್ಲಿ ಎರಡು ದಿನ ಮೋಡ, ಎರಡು ದಿನ ಬಿಸಿಲು. ಅವರು ಓದುತ್ತಾ ಹೋದರು, ನಾನು ಅವ್ವನ ಸಾಲಿಗೆ ಬೆರಳಿಟ್ಟು ನೋಡುತ್ತಾ ಹೋದೆ. ಮೋಡ, ಸರಿ. ಬಿಸಿಲು, ಮಿಶ್ರ. ಬಿಸಿಲು, ಮಿಶ್ರ. ತುಂತುರು, ಸರಿ. ನನ್ನದೇ ಕೈಬರಹ, ಒಂದೇ ಪುಟದಲ್ಲಿ ಆರು ಬೆರಳ ದೂರದಲ್ಲಿ ಬರೆದವು. ಒಂದರ ಪಕ್ಕ ಒಂದನ್ನು ಇಟ್ಟು ನಾನೇ ಓದಿರಲಿಲ್ಲ.

ನಾನು ಮೊದಲ ದಿನ ಸುಳ್ಳು ‘ಸರಿ’ ಬರೆದಿದ್ದ ಪುಟ ಬಂತು. ಅಂಚಿನಲ್ಲಿ ಬಿಸಿಲು. “ಇಲ್ಲಿ ತಪ್ಪಿತಲ್ಲ ಲೆಕ್ಕ” ಎಂದರು. “ಇಲ್ಲ ಸಾರ್, ಅವತ್ತೂ ಮಿಶ್ರವೇ. ನಾನು ಆರಿಸಿ ಸರಿಮಾಡಿದ್ದೆ” ಎಂದು ಒಪ್ಪಿಕೊಂಡೆ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಆದರೆ ಒಳ್ಳೆಯದು ಮಾಡಿದಿರಿ ಎಂದೂ ಹೇಳಲಿಲ್ಲ.

“ಬಿಸಿಲಲ್ಲಿ ಎಲೆ ಒಣಗಿ ಮುರೀತದೆ, ಅದಕ್ಕೇನೋ” ಎಂದೆ.

“ಹಂಗಾದ್ರೆ ಬೇರೆಯವರಿಗೂ ಮುರೀಬೇಕಲ್ಲ.”

ಆಗ ನನಗೆ ಆ ಗೇಣು ಜಾಗ ನೆನಪಾಯಿತು. “ಸಾರ್, ಹೋದ ವರ್ಷ ಅವ್ವ ಗೋಡೆಗೆ ಒರಗ್ತಾನೇ ಇರಲಿಲ್ಲ” ಎಂದು ಹೇಳಿದೆ.

ಅವರು ನಡುವಿನ ಗಾಜಿನ ಹೆಂಚನ್ನೂ ಅದರ ಕೆಳಗೆ ಕಣ್ಣು ಕಿರಿದು ಮಾಡಿ ಕೂತಿದ್ದ ಅವ್ವನನ್ನೂ ಬಹಳ ಹೊತ್ತು ನೋಡಿದರು. “ಹಂಗಾದ್ರೆ ಅವ್ವಂಗೆ ಬೇಕಾಗಿದ್ದು ಗೋಡೆ ಅಲ್ಲ, ನೆರಳು” ಎಂದರು. “ನಾನು ಹೋಗಿ ಬಿಸಿಲಿಗೆ ಕೂರಿಸಿಬಿಟ್ಟೆ.”

ಸಾಲಿನಲ್ಲಿ ಎಲ್ಲರ ಮುಂದೆ ಅವರು ಏನೂ ಕೇಳಲಿಲ್ಲ. ಮಧ್ಯಾಹ್ನ ಅವ್ವ ಕೈ ತೊಳೆಯಲು ಡ್ರಮ್ಮಿನ ಹತ್ತಿರ ಬಂದಾಗ, ಚೊಂಬಿನಲ್ಲಿ ನೀರು ಹಾಕುತ್ತಿದ್ದವಳು ನಾನು. ಅವರು ಬಂದು ಪಕ್ಕದಲ್ಲಿ ನಿಂತರು. ನಿಮ್ಮ ಕಣ್ಣಿಗೇನಾಗಿದೆ ಎಂದು ಕೇಳುತ್ತಾರೆಂದುಕೊಂಡಿದ್ದೆ.

“ಅವ್ವ, ನಿಮಗೆ ಎಲ್ಲಿ ಕೂತ್ರೆ ಚೆನ್ನಾಗಿ ಕಾಣ್ತದೆ ಅಂತ ನಾನು ಮೊದಲೇ ಕೇಳ್ಬೇಕಿತ್ತು. ಕೇಳ್ದೆ ಎಬ್ಬಿಸ್ಬಿಟ್ಟೆ. ತಪ್ಪಾಯ್ತು.”

ಅವ್ವ ಹುಣಸೇಹಣ್ಣು ತಿಕ್ಕುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. “ನೀನು ಯೋಳ್ದಾ ಮಗ?”

“ಪುಸ್ತಕ ಹೇಳ್ತು ಅವ್ವ” ಎಂದೆ.

“ನಿನ್ ಪುಸ್ತಕಕ್ಕೆ ಬೆಂಕಿ ಬೀಳ” ಎಂದಳು, ಸಿಟ್ಟಿಲ್ಲದೆ. ಆಮೇಲೆ ಅವರ ಕಡೆ ತಿರುಗಿದಳು. “ಬಿಸ್ಲು ಬಿತ್ತು ಅಂದ್ರೆ ಕಣ್ಣೊಳಕ್ಕೆ ಮಜ್ಜಿಗೆ ಉಯ್ದಂಗಾಯ್ತದೆ ಸಾ. ಎಲ್ಲಾ ಬೆಳ್ಳಗೆ. ನೆಳ್ಳಲ್ಲಿ ಎಲೆ ಎಲೆಯಂಗೇ ಕಾಣ್ತದೆ. ಅದಕ್ಕೇ ಮೂಲೆಗೆ ಓಗಿದ್ದು.”

“ಹೇಳಬಹುದಿತ್ತಲ್ಲ ಅವ್ವ.”

“ಯೋಳಿದ್ರೆ ನೀವು ಬ್ಯಾಡ ಅಂತಿದ್ರಿ.”

“ಅಂತಿದ್ನೇನೋ” ಎಂದರು.

ಆ ಉತ್ತರ ನನಗೆ ಇಂದಿಗೂ ವಿಚಿತ್ರ. ಛೇ, ಹಂಗೆಲ್ಲ ಅನ್ನುತ್ತಿರಲಿಲ್ಲ ಎಂದುಬಿಡುವುದು ಎಷ್ಟು ಸುಲಭವಿತ್ತು. ಅವ್ವನಿಗೆ ಧೈರ್ಯ ಬಂದದ್ದು ಆ ಮಾತಿನಿಂದ ಎಂದೇ ನನ್ನ ಊಹೆ. ಆಮೇಲೆ ಅವಳು ಅತ್ತೆಯಂದಿರ ಷರತ್ತಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. “ನನ್ ಒಬ್ಳದಾದ್ರೆ ಮನೇಲಿ ಕುಂತ್ಕತಿದ್ದೆ ಸಾ. ಆ ಹೆಣ್ಣೈಕಳು ವರ್ಸದಲ್ಲಿ ನಾಕ್ ತಿಂಗ್ಳು ಹೊರಗಿನ ಗಾಳಿ ಕಾಣ್ತವೆ. ಅದೂ ತಪ್ಪೋಯ್ತದೆ.”

ಶುಕ್ರವಾರ ಬೆಳಗ್ಗೆ ಅವ್ವ ಮೂಲೆಗೆ ವಾಪಸು ಹೋದಳು. ಈ ಸಲವೂ ಮಂಕರಿ ಎತ್ತಿದ್ದು ಅವರೇ. “ಜಾಗ ಬದಲಾಯಿಸಿದ್ದು ನನ್ನ ತಪ್ಪು, ಅವ್ವಂದಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಯಾರೂ ನಗಲಿಲ್ಲ. ಮೇಲಿನವರು ತಪ್ಪು ಎಂದಾಗ ಏನು ಮಾಡಬೇಕೆಂದು ನಮಗ್ಯಾರಿಗೂ ರೂಢಿಯಿರಲಿಲ್ಲ. ಕೊನೆಗೆ ಒಬ್ಬಳು, “ಇರ್ಲಿ ಬುಡಿ ಸಾ, ಹೊಸಬ್ರು ನೀವು” ಎಂದು ಸಮಾಧಾನ ಹೇಳಿದಳು.

ಸೋಮವಾರ ಚಿಟಿಚಿಟಿ ಬಿಸಿಲು. ಸಾಹುಕಾರರು ಬಂದವರೇ ಅವ್ವನ ಮೂರು ಮಂಕರಿಗಳನ್ನೂ ಗಾಜಿನ ಹೆಂಚಿನ ಕೆಳಗೆ ಸುರಿಸಿದರು. ಬಗ್ಗಿ ಕೆದಕಿದರು, ಕೆಲವು ಎಲೆಗಳನ್ನು ಬೆಳಕಿಗೆ ಹಿಡಿದರು. ಹನ್ನೊಂದು ಜನ ಕೈ ಆಡಿಸುತ್ತಲೇ ಇದ್ದರು, ಯಾರ ಕಣ್ಣೂ ಎಲೆಯ ಮೇಲಿರಲಿಲ್ಲ. ತಪ್ಪು ಸಿಗಲಿಲ್ಲ.

“ಮತ್ತೆ ಆ ಬೇಲು?”

“ಅದು ನನ್ನಿಂದ ಆಗಿದ್ದು ಸಾರ್. ಇವರ ಜಾಗ ಬದಲಾಯಿಸಿದ್ದೆ.”

“ಜಾಗ ಬದಲಾಯ್ಸಿದ್ರೆ ಎಲೆ ಬಣ್ಣ ಬದಲಾಯ್ತದೇನ್ರೀ?” ಎಂದು ಗೊಣಗಿ ಸಾಹುಕಾರರು ಜೀಪು ಹತ್ತಿದರು.

ಸಾಹುಕಾರರಿಗೆ ಕಣ್ಣಿನ ವಿಷಯ ಯಾಕೆ ಹೇಳಲಿಲ್ಲ ಎಂದು ಆಮೇಲೆ ಸೂಪರ್‌ವೈಸರನ್ನು ಕೇಳಿದೆ. “ಅದು ಅವ್ವನ ವಿಷಯ. ಹೇಳೋದು ಬಿಡೋದು ಅವರಿಗೆ ಸೇರಿದ್ದು” ಎಂದರು. ಆದರೆ ಮರುದಿನದಿಂದ ಅವ್ವನ ಮಂಕರಿಗಳನ್ನು ಎರಡೆರಡು ಸಲ ನೋಡಬೇಕೆಂದು ನನಗೆ ಹೇಳಿದರು. ಅದನ್ನು ಅವ್ವನ ಎದುರಿಗೇ ಹೇಳಿದರು. ನೆರಳು ಹೆಚ್ಚು ದಿನ ಕಾಪಾಡದು ಎಂಬುದು ಮೂವರಿಗೂ ಗೊತ್ತಿತ್ತು.

ಅದು ಕಣ್ಣಿನ ಪೊರೆ; ಆದರೆ ಆಪರೇಷನ್ ಎಂದರೆ ಅವ್ವನಿಗೆ ಭಯ. ಸೂಪರ್‌ವೈಸರ್ ಒತ್ತಾಯ ಮಾಡಲಿಲ್ಲ. ಹಂಗಾಮು ಮುಗಿಯುವ ಮುಂಚೆ ಒಂದು ದಿನ ಮಿರ್ಲೆಯಿಂದ ತಮ್ಮ ತಾಯಿಯನ್ನು ಗೋಡೌನಿಗೆ ಕರೆತಂದರು. ಆ ತಾಯಿಗೆ ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆದಿದ್ದರು. ಇಬ್ಬರು ಮುದುಕಿಯರೂ ಮೂಲೆಯಲ್ಲಿ ಕೂತು, ಚುಂಚನಕಟ್ಟೆಯ ನೀರಿನಿಂದ ಹಿಡಿದು ಸೊಸೆಯಂದಿರ ಅಡುಗೆಯವರೆಗೆ ಎಲ್ಲಾ ಮಾತಾಡಿದರು, ಕಣ್ಣೊಂದನ್ನು ಬಿಟ್ಟು. ಹೊರಡುವಾಗ ಅವ್ವ ಕೇಳಿದ್ದು ಒಂದೇ ಮಾತು: “ನೋವಾಯ್ತದಾ?”

“ನೋವಿಲ್ಲ ಕಣವ್ವ. ವಾಪಸ್ ಬಂದ್ಮೇಲೆ ಮನೆ ಮೂಲೇಲಿರೋ ಜೇಡರ ಬಲೆಯೆಲ್ಲಾ ಕಾಣ್ತದಲ್ಲ, ಅದೇ ನೋವು.”

ಬೇಸಿಗೆಯಲ್ಲಿ ಕೆ.ಆರ್. ನಗರದ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆದಾಗ ಅವ್ವ ತನ್ನ ಮಗಳ ಜತೆ ಹೋಗಿ ಹೆಸರು ಬರೆಸಿದಳಂತೆ.

ಸೂಪರ್‌ವೈಸರ್‌ಗೆ ಈ ಬುದ್ಧಿ ಎಲ್ಲಿಂದ ಬಂತು ಎಂಬ ಕುತೂಹಲ ನನಗಿತ್ತು. ಒಮ್ಮೆ ಕೇಳಿಯೂ ಬಿಟ್ಟೆ. ಅವರು ನಕ್ಕರು. “ಯಾವ ಬುದ್ಧಿ ರೈಟ್ರಮ್ಮ? ಹಲಗೆ ಮಾಡಿಸಿಕೊಂಡು ಬಂದ ದಿನಾನೂ ನಾನು ಒಳ್ಳೇ ಕೆಲಸಾನೇ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ.” ಅಷ್ಟೇ ಹೇಳಿದರು. ಪಾಪ ಎಂದುಕೊಂಡು ಬರೆದಿದ್ದ ನನ್ನ ಸುಳ್ಳು ‘ಸರಿ’ ನನಗೆ ನೆನಪಾಯಿತು. ಆದರೆ ಆ ಘಟನೆಯ ನಂತರ ಪ್ರತಿ ಹಂಗಾಮಿನ ಮೊದಲ ದಿನ ಅವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳುತ್ತಿದ್ದರು: “ಎಲ್ಲಿ ಕೂತ್ಕೋತೀಯವ್ವ?” ಅದರಿಂದ ಜಗಳಗಳೂ ಆದವು. ಬೆಳಕಿನ ಜಾಗ ಎಲ್ಲರಿಗೂ ಬೇಕಿತ್ತು, ಗಾಜಿನ ಹೆಂಚುಗಳು ಇದ್ದಷ್ಟೇ ಇದ್ದವು. ಅವರು ಜಗಳವನ್ನೂ ಕೂತು ಕೇಳುತ್ತಿದ್ದರು.

ಮುಂದಿನ ವರ್ಷ ದಸರಾ ಕಳೆದು ಗೋಡೌನು ತೆರೆದ ದಿನ ಒಳ್ಳೆಯ ಬಿಸಿಲಿತ್ತು. ಟೆಂಪೋದಿಂದ ಹನ್ನೊಂದು ಜನ ಮೊದಲು ಇಳಿದರು. ಕೊನೆಗೆ ಅವ್ವ, ಕಪ್ಪು ಕನ್ನಡಕ ಹಾಕಿಕೊಂಡು.

“ಅಯ್ಯಯ್ಯೋ, ಸಿನಿಮಾದೋರು ಬಂದ್ರು ಕಣ್ರೇ!”

“ನಗು ನಗು. ನಿನ್ ಸೀರೆ ಸೆರಗು ಅರಿದಿರೋದು ಇಲ್ಲಿಗೇ ಕಾಣ್ತೈತೆ” ಎಂದಳು ಅವ್ವ.

ಎಲ್ಲಿ ಕೂರುತ್ತೀರಿ ಎಂದು ಸೂಪರ್‌ವೈಸರ್ ಉಳಿದವರನ್ನು ಕೇಳಿದ ಹಾಗೇ ಅವಳನ್ನೂ ಕೇಳಿದರು. ಅವ್ವ ಉತ್ತರ ಕೊಡದೆ ಒಳಗೆ ಬಂದಳು. ಮೂಲೆಯ ಕಡೆ ಎರಡು ಹೆಜ್ಜೆ ಇಟ್ಟಳು, ನಿಂತಳು. ನಡುವಿನ ಗಾಜಿನ ಹೆಂಚಿನ ಕೆಳಗಿನ ಚೌಕ ಖಾಲಿಯಿತ್ತು. ಬೆಳಗಿನಿಂದ ಯಾರೂ ಅಲ್ಲಿ ಗೋಣಿತಾಟು ಹಾಸಿರಲಿಲ್ಲ. ಅವ್ವ ಹೋಗಿ ಅಲ್ಲಿ ಕೂತು ಕನ್ನಡಕ ತೆಗೆದು ಮಡಿಲಿನಲ್ಲಿಟ್ಟುಕೊಂಡಳು. ರಾಶಿಯಿಂದ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದಳು. ಬೆಲ್ಲದ ಮಂಕರಿಗೆ ಹಾಕಿದಳು. ಮತ್ತೆ ಅದನ್ನೇ ತೆಗೆದು, ಇನ್ನೊಮ್ಮೆ ನೋಡಿ, ಅರಿಸಿನದ ಮಂಕರಿಗೆ ಹಾಕಿದಳು. ಹೆಂಗಸರ ಕೈಗಳು ರಾಶಿಯ ಮೇಲೇ ನಿಂತಿದ್ದವು. ನನ್ನ ಪೆನ್ನು ಕೂಡ ನಿಂತಿತ್ತು.

ಅವ್ವ ತಲೆಯೆತ್ತಿದಳು.

“ಯಾಕ್ರೇ, ಎಲ್ಲಾ ನನ್ ಮೊಕ ನೋಡ್ಕಂಡ್ ಕುಂತಿದ್ದೀರಿ? ಎಲೆ ನೋಡ್ರವ್ವ.”